ನಮ್ಮೂರ ಕನ್ನಡ ಸಾಲಿ: ಎರಡೂವರೆ ವರ್ಷ ಮಗಳನ್ನು ಕಳಿಸಿದ ಪಾಲಕನ ವಿಮರ್ಶೆ

2023ರ ಜೂನ್ ತಿಂಗಳಲ್ಲಿ ನನ್ನ ಮಗಳನ್ನು ಪಟ್ಟಣದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಿಂದ ಬಿಡಿಸಿ, ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ನಮ್ಮ ಸಣ್ಣ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎರಡನೆಯ ತರಗತಿಗೆ ಸೇರಿಸಿದೆ. ಈಗ ಅವಳು ನಾಲ್ಕನೆಯ ತರಗತಿಯಲ್ಲಿದ್ದಾಳೆ. ಈ ಎರಡೂವರೆ ವರ್ಷಗಳಲ್ಲಿ ಊರಿನವರೂ ಬೀಗರೂ ನನ್ನನ್ನು ಕೇಳುತ್ತ ಬಂದ ಪ್ರಶ್ನೆ ಒಂದೇ: “ಲಿಂಬಿ ತ್ವಾಟ ಇಟ್ಕೊಂಡು ಹುಡುಗಿನ್ನ ಕನ್ನಡ ಸಾಲಿಗಿ ಯಾಕ ಹಾಕೀರಿ?” ನಮ್ಮ ಭಾಗದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗೆ ಕನ್ನಡ ಸಾಲಿ ಎಂದೇ ಹೆಸರು. ಕೇಳಿದವರಿಗೆಲ್ಲ ನಿಂತಲ್ಲಿಯೇ ಅರ್ಧಂಬರ್ಧ ಉತ್ತರ ಕೊಟ್ಟು ಬಂದಿದ್ದೇನೆ. ಬರುವ ಜೂನ್‌ನಲ್ಲಿ ಮಕ್ಕಳನ್ನು ಎಲ್ಲಿ ಸೇರಿಸಬೇಕೆಂದು ಯೋಚಿಸುತ್ತಿರುವ ಪಾಲಕರಿಗೆ ಉಪಯೋಗವಾಗಲೆಂದು, ಈ ಶಾಲೆ ಏನನ್ನು ಚೆನ್ನಾಗಿ ಕೊಡುತ್ತದೆ, ಎಲ್ಲಿ ಸೋಲುತ್ತದೆ, ಸೋಲುವುದಕ್ಕೆ ಕಾರಣವೇನು ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಊರಿನ ಹೆಸರನ್ನೂ ಶಾಲೆಯ ಹೆಸರನ್ನೂ ಬರೆದಿಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯ ಹೆಸರು ಹೇಳಿದರೆ ಮಾತೆಲ್ಲ ಆ ಇಬ್ಬರ ಮೈಮೇಲೆ ಹೋಗಿ ಬೀಳುತ್ತದೆ, ಅದು ನ್ಯಾಯವಲ್ಲ.

ಖಾಸಗಿ ಶಾಲೆಯನ್ನು ಬಿಡಿಸಿದ ಕಾರಣವನ್ನು ಮೊದಲು ಹೇಳಬೇಕು. ಬೆಳಿಗ್ಗೆ ಏಳೂವರೆಗೆ ವ್ಯಾನು ಬರುತ್ತಿತ್ತು, ಸಂಜೆ ಐದಕ್ಕೆ ಮಗು ಮನೆ ಸೇರುತ್ತಿತ್ತು. ಎಲ್‌ಕೆಜಿ, ಯುಕೆಜಿ, ಒಂದನೆಯ ತರಗತಿ ಸೇರಿ ಮೂರು ವರ್ಷ, ಕೊರೊನಾದಿಂದ ಶಾಲೆ ಮುಚ್ಚಿದ್ದ ತಿಂಗಳುಗಳನ್ನು ಬಿಟ್ಟರೆ, ಹೀಗೆಯೇ ನಡೆಯಿತು. ಇಂಗ್ಲಿಷ್ ಪದ್ಯಗಳನ್ನು ಅವಳು ಕೈಬೀಸಿ ಹಾಡುವುದನ್ನು ನೋಡಿ ಮನೆಯವರೆಲ್ಲ ಹಿಗ್ಗಿದ್ದೆವು. ಒಂದನೆಯ ತರಗತಿಯ ಫೆಬ್ರುವರಿಯಲ್ಲಿ ಒಂದು ಸಂಜೆ ಅವಳ ಪಠ್ಯಪುಸ್ತಕ ತೆಗೆದು ಓದಿಸಿದೆ. ಗಿಳಿಯ ಚಿತ್ರದ ಕೆಳಗಿನ ಪದವನ್ನು ‘ಪ್ಯಾರಟ್’ ಎಂದು ಥಟ್ಟನೆ ಓದಿದಳು. ಚಿತ್ರದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ ಅದೇ ಪದವನ್ನು ತೋರಿಸಿದೆ. ಮಗು ನನ್ನ ಬೆರಳನ್ನೇ ನೋಡುತ್ತ ಕುಳಿತಿತು. ಪುಸ್ತಕದ ಉದ್ದಕ್ಕೂ ಇದೇ ಆಯಿತು. ಕನ್ನಡ ಓದಲು ಬರುತ್ತದೆಯೇ ಎಂದು ನೋಡಿದರೆ ಅದೂ ಇಲ್ಲ. ಆ ಶಾಲೆಯವರನ್ನು ಕೇಳಿದಾಗ “ಮನೆಯಲ್ಲಿ ಸ್ವಲ್ಪ ಪ್ರಾಕ್ಟೀಸ್ ಮಾಡಿಸಿ” ಎಂದರು. ನಮ್ಮ ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರು ಯಾರೂ ಇಲ್ಲದ ಕಾರಣಕ್ಕಾಗಿಯೇ ಅಲ್ಲಿಗೆ ಶುಲ್ಕ ಕಟ್ಟಿದ್ದೆವು.

ಕನ್ನಡ ಸಾಲಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು ಕಲಿಯುವ ಪದ್ಧತಿಗೆ ನಲಿ-ಕಲಿ ಎಂದು ಹೆಸರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಹೊರಗಿನಿಂದ ನೋಡುವವರಿಗೆ ಆ ಕೋಣೆ ಗದ್ದಲದ ಕೋಣೆಯಂತೆ ಕಾಣುತ್ತದೆ. ಮಕ್ಕಳು ಚಾಪೆಯ ಮೇಲೆ ಗುಂಪುಗುಂಪಾಗಿ ಕುಳಿತಿರುತ್ತಾರೆ, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವಂತೆ ಕಪ್ಪು ಹಲಗೆ ಬಳಿದಿರುತ್ತದೆ, ಅವರು ಬರೆದ ಚಿತ್ರಗಳು ತಲೆಯ ಮೇಲೆ ದಾರದ ಚಪ್ಪರದಲ್ಲಿ ತೂಗುತ್ತಿರುತ್ತವೆ. ಗೋಡೆಗೆ ಹಚ್ಚಿದ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂಬುದನ್ನು ಮಗುವೇ ನೋಡಿಕೊಂಡು, ಆ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು, ಅದಕ್ಕೆ ತಕ್ಕ ಗುಂಪಿನಲ್ಲಿ ಹೋಗಿ ಕೂರಬೇಕು. ಹೊಸ ಮೆಟ್ಟಿಲಾದರೆ ಅಕ್ಕೋರ, ಅಂದರೆ ಶಿಕ್ಷಕಿಯ, ಹತ್ತಿರದ ಗುಂಪು, ಸ್ವಲ್ಪ ಬಂದರೆ ಜೊತೆಗಾರರ ಗುಂಪು, ಚೆನ್ನಾಗಿ ಬಂದರೆ ತಾನೇ ಮಾಡಿಕೊಳ್ಳುವ ಗುಂಪು.

ಅಕ್ಕೋರು ನನ್ನ ಮಗಳನ್ನು ಎರಡನೆಯ ತರಗತಿಯ ಹಾಜರಿಯಲ್ಲಿ ಬರೆದುಕೊಂಡರೂ ಕನ್ನಡದಲ್ಲಿ ಒಂದನೆಯ ತರಗತಿಯ ಮೊದಲ ಮೆಟ್ಟಿಲಿನಲ್ಲಿ ಕೂರಿಸಿದರು. ನನಗೆ ಆಗ ಬೇಸರವಾಗಿತ್ತು. ಎರಡು ವಾರ ಕಳೆದ ಮೇಲೆ ಅವಳ ಅಜ್ಜಿಗೆ ಇನ್ನೊಂದು ಬೇಸರ ಶುರುವಾಯಿತು, ಏಕೆಂದರೆ ಮೊಮ್ಮಗಳಿಗೆ ಅ ಆ ಇ ಈ ಸರಣಿಯಾಗಿ ಹೇಳಲು ಬರುತ್ತಿರಲಿಲ್ಲ. ನಲಿ-ಕಲಿಯ ಮೇಲೆ ನಮ್ಮೂರಲ್ಲಿ ಕೇಳಿಬರುವ ಮುಖ್ಯ ದೂರು ಇದೇ ಆಗಿರುವುದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ ಬರುತ್ತವೆ. ಬರೆಯಲು ಸುಲಭವಾದ ಈ ಐದು ಅಕ್ಷರಗಳಿಂದಲೇ ಸರ, ಅರಸ, ಅಗಸ, ದಸರ ಎಂಬ ಪದಗಳು ಹುಟ್ಟುತ್ತವೆ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯದೆ, ಐದೇ ಅಕ್ಷರ ಕಲಿತ ಮಗು ಅಂದೇ ಓದಲು ಆರಂಭಿಸಲಿ ಎಂಬುದು ಇದರ ಉದ್ದೇಶ. ಜುಲೈ ತಿಂಗಳ ಒಂದು ಸಂಜೆ ನಮ್ಮ ಓಣಿಯ ಬಡಿಗೇರರ ಮನೆಯ ಕಟ್ಟೆಯ ಮುಂದೆ ಹಾದುಹೋಗುವಾಗ ಮಗಳು ನಿಂತಳು. ಕಟ್ಟೆಯ ಮೇಲಿದ್ದ ಹಲ್ಲಿನ ಉಪಕರಣವನ್ನು ತೋರಿಸಿ, ಕೈಯಲ್ಲಿದ್ದ ಕಡ್ಡಿಯಿಂದ ಮಣ್ಣಿನಲ್ಲಿ ‘ಗರಗಸ’ ಎಂದು ನಾಲ್ಕು ಅಕ್ಷರ ಬರೆದು, ಒಂದೊಂದನ್ನೂ ಕಡ್ಡಿಯಿಂದ ಮುಟ್ಟುತ್ತ ಓದಿದಳು. ಮೂರು ವರ್ಷದ ಶುಲ್ಕದಲ್ಲಿ ನನಗೆ ಸಿಗದೇ ಇದ್ದುದು ಆ ಮಣ್ಣಿನಲ್ಲಿ ಸಿಕ್ಕಿತು. ಮೂರನೆಯ ತರಗತಿ ಮುಗಿಯುವ ಹೊತ್ತಿಗೆ ಅವಳು ಗೊಬ್ಬರದ ಚೀಲದ ಮೇಲಿನ ಸೂಚನೆಗಳನ್ನು ನನಗೆ ಓದಿ ಹೇಳುತ್ತಿದ್ದಳು. ಒತ್ತಕ್ಷರ ಬಂದಲ್ಲಿ ನಿಂತು, ಬಾಯಲ್ಲೇ ಎರಡು ಸಲ ಮಸೆದು, ಮುಂದೆ ಹೋಗುತ್ತಿದ್ದಳು. ವರ್ಣಮಾಲೆಯ ಕ್ರಮವನ್ನು ಅಜ್ಜಿಯೇ ಒಂದು ವಾರದಲ್ಲಿ ಕಲಿಸಿದರು.

ಇದು ಸಣ್ಣ ಸಾಧನೆಯಲ್ಲ. ದೇಶದ ಗ್ರಾಮೀಣ ಮಕ್ಕಳ ಓದನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ, ಸರ್ಕಾರಿ ಶಾಲೆಯ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ಕೊರೊನಾ ನಂತರದ 2022ರಲ್ಲಿ ಶೇ 16.3ರಷ್ಟಿದ್ದರು, 2024ರಲ್ಲಿ ಅದು ಶೇ 23.4ಕ್ಕೆ ಏರಿತು. ಏರಿದ ಮೇಲೂ ನಾಲ್ವರಲ್ಲಿ ಒಬ್ಬರಿಗೂ ಓದು ದಕ್ಕಿಲ್ಲ ಎಂದಾಯಿತು. ಕಳೆದ ಮಾರ್ಚ್‌ನಲ್ಲಿ ನಾನು ಅಕ್ಕೋರ ಒಪ್ಪಿಗೆ ಪಡೆದು ಆ ಚಾಪೆಯ ಮೇಲೆ ಅರ್ಧ ದಿನ ಕುಳಿತು, ಅಂದು ಬಂದಿದ್ದ ಮೂರನೆಯ ತರಗತಿಯ ಒಂಬತ್ತು ಮಕ್ಕಳಿಂದ ಎರಡನೆಯ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದಿಸಿದೆ. ಆರು ಮಕ್ಕಳು ತಡೆಯಿಲ್ಲದೆ ಓದಿದರು. ಉಳಿದ ಮೂವರಲ್ಲಿ ಇಬ್ಬರು ಪದಪದವಾಗಿ ಓದಿದರು. ಪಾಲಕರಿಗೆ ನನ್ನ ಮೊದಲ ಸಲಹೆ ಇದು: ಕಟ್ಟಡದ ಬಣ್ಣ, ಸಮವಸ್ತ್ರದ ಟೈ ನೋಡುವುದಕ್ಕಿಂತ ಮೊದಲು, ಸರ್ಕಾರಿಯಾಗಲಿ ಖಾಸಗಿಯಾಗಲಿ, ಆ ಶಾಲೆಯ ಮೂರನೆಯ ತರಗತಿಯ ಯಾವುದೇ ಮಗುವನ್ನು ಕರೆದು ಅದು ಹಿಂದೆಂದೂ ನೋಡದ ಒಂದು ಪುಟ ಓದಿಸಿ ನೋಡಿರಿ. ಚಿತ್ರವನ್ನು ಬೆರಳಿನಿಂದ ಮುಚ್ಚಿರಿ.

ಈ ಕೋಣೆಗೆ ನಾನು ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಅದರ ಪಕ್ಕದ ಕೋಣೆಗೆ ಎರಡಕ್ಕಿಂತ ಹೆಚ್ಚು ಕೊಡಲು ನನ್ನಿಂದ ಆಗುವುದಿಲ್ಲ.

ಪಕ್ಕದ ಕೋಣೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳು ನಡೆಯುತ್ತವೆ. ಅಲ್ಲಿ ಏಣಿಯೂ ಇಲ್ಲ, ಕಾರ್ಡುಗಳೂ ಇಲ್ಲ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಂಬ ನಾಲ್ಕು ವಿಷಯಗಳಂತೆ ಎರಡು ತರಗತಿಗಳಿಗೆ ಎಂಟು ಪುಸ್ತಕಗಳಾಗುತ್ತವೆ. ಇವೆಲ್ಲವನ್ನೂ ಒಬ್ಬರೇ ಹೆಡ್ ಮಾಸ್ತರರು ಕಲಿಸಬೇಕು. ಅವರೇ ಬಿಸಿಯೂಟದ ಅಕ್ಕಿ-ಬೇಳೆಯ ಲೆಕ್ಕ ಬರೆಯಬೇಕು, ಅವರೇ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಮಕ್ಕಳ ಮಾಹಿತಿ ತುಂಬಬೇಕು, ಅವರೇ ಕ್ಲಸ್ಟರ್ ಸಭೆಗೆ ಹೋಗಬೇಕು. 2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ನಮ್ಮ ಶಾಲೆಯ ಇಬ್ಬರೂ ಗಣತಿದಾರರಾಗಿ ಮನೆಮನೆ ತಿರುಗಿದರು. ಸಮೀಕ್ಷೆಗಾಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು, ಅದರ ಬೆನ್ನಿಗೇ ದೀಪಾವಳಿ ಬಂತು. ನಾಲ್ಕನೆಯ ತರಗತಿಯಲ್ಲಿ ಭಾಗಾಕಾರ ಗಟ್ಟಿಯಾಗಬೇಕಾದ ದಿನಗಳು ಹೀಗೆ ಕಳೆದುಹೋದವು.

ಅದರ ಫಲವನ್ನು ನಾನು ಮಗಳ ಗಣಿತದ ನೋಟುಪುಸ್ತಕದಲ್ಲಿ ನೋಡಿದೆ. 612ನ್ನು 6ರಿಂದ ಭಾಗಿಸಿದ ಲೆಕ್ಕ ಅಲ್ಲಿತ್ತು, ಉತ್ತರ 102 ಎಂದು ದುಂಡಾಗಿ ಬರೆದಿತ್ತು, ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತೂ ಇತ್ತು. ಪುಸ್ತಕ ಮುಚ್ಚಿ 618ನ್ನು 6ರಿಂದ ಭಾಗಿಸು ಎಂದೆ. ಉತ್ತರ 13 ಎಂದು ಬರೆದಳು. ನಡುವೆ ಇರುವ 1ರಲ್ಲಿ 6 ಹೋಗುವುದಿಲ್ಲವಾದ್ದರಿಂದ ಅಲ್ಲೊಂದು ಸೊನ್ನೆ ಇಡಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ; ಹಲಗೆಯ ಮೇಲಿನ ಸೊನ್ನೆಯನ್ನು ನೋಡಿ ಬರೆದುಕೊಂಡಿದ್ದಳು, ಅಷ್ಟೆ. ಆರು ನೂರನ್ನು ಆರು ಮಂದಿಗೆ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಎಂದು ಕೇಳಿದಾಗ ನೂರು ಎಂದು ಸರಿಯಾಗಿಯೇ ಹೇಳಿದಳು. ಮತ್ತೆ ಹಾಳೆಯ ಮೇಲಿನ 13ನ್ನು ನೋಡಿ ಮುಖ ಸಣ್ಣದು ಮಾಡಿಕೊಂಡಳು. ತಪ್ಪು ಎಂದು ಅವಳಿಗೆ ತಿಳಿಯಿತು, ಆದರೆ ಎಲ್ಲಿ ತಪ್ಪಿತು ಎಂಬುದನ್ನು ಅವಳ ಪಕ್ಕ ಐದು ನಿಮಿಷ ಕುಳಿತು ತೋರಿಸುವವರು ಶಾಲೆಯಲ್ಲಿರಲಿಲ್ಲ. ಗ್ರಾಮೀಣ ಭಾರತದ ಐದನೆಯ ತರಗತಿಯ ಎಲ್ಲ ಮಕ್ಕಳಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು 2024ರಲ್ಲಿ ಶೇ 30.7ರಷ್ಟು ಮಾತ್ರ ಇದ್ದರೆಂದು ಅದೇ ಅಸರ್ ವರದಿ ಹೇಳುತ್ತದೆ. ಆದ್ದರಿಂದ ಇದು ನಮ್ಮ ಶಾಲೆಯೊಂದರ ರೋಗವಲ್ಲ. ಹಾಗೆಂದು ನನ್ನ ಮಗಳ ಮಟ್ಟಿಗೆ ಅದು ಕಡಿಮೆಯ ಮಾತಾಗುವುದಿಲ್ಲ.

ಹೆಡ್ ಮಾಸ್ತರರ ಹತ್ತಿರ ಹೋಗಿ ನೋಟುಪುಸ್ತಕ ತೋರಿಸಿದೆ. ಅವರು ಸಿಟ್ಟಾಗಲಿಲ್ಲ. “ನಾಕನೇತ್ತೆಕ್ಕ ಲೆಕ್ಕ ಹಾಕಿಕೊಟ್ಟು ಐದನೇತ್ತೆಕ್ಕ ತಿರುಗತೀನ್ರಿ, ಅಷ್ಟ್ರಾಗ ಇವರು ಒಬ್ಬರದೊಬ್ಬರು ನೋಡಿ ಬರದುಬಿಡತಾರ. ಮೂರನೇ ಮಾಸ್ತರು ಇದ್ದಾಗ ಹಿಂಗ ಇದ್ದಿಲ್ರಿ” ಎಂದರು. ಅವರ ಮಾತಿನ ಕೊನೆಯ ವಾಕ್ಯವೇ ಈ ವಿಮರ್ಶೆಯ ನಡುಗಂಬ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಇರಬೇಕು. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರೆಂದು ಮಾತ್ರ ಈ ಲೆಕ್ಕ ನೋಡುತ್ತದೆ. ಎಷ್ಟು ತರಗತಿಗಳಿವೆ ಎಂಬುದನ್ನು ನೋಡುವುದಿಲ್ಲ. ನಾನು ಮಗಳನ್ನು ಸೇರಿಸಿದ ವರ್ಷ ನಮ್ಮ ಶಾಲೆಯ ಹಾಜರಿಯಲ್ಲಿ 64 ಮಕ್ಕಳಿದ್ದರು, ಮೂವರು ಶಿಕ್ಷಕರಿದ್ದರು. ಮರುವರ್ಷ ಸಂಖ್ಯೆ 60ರ ಕೆಳಗೆ ಇಳಿಯಿತು. ಮೂರನೆಯವರು ಹೆಚ್ಚುವರಿ ಶಿಕ್ಷಕರೆನಿಸಿಕೊಂಡು ಬೇರೆ ಶಾಲೆಗೆ ಹೋದರು. ಹುದ್ದೆ ಇದ್ದು ಖಾಲಿಯಾದರೆ ಅತಿಥಿ ಶಿಕ್ಷಕರನ್ನಾದರೂ ಕೇಳಬಹುದು. ಹುದ್ದೆಯೇ ಹೋದ ಮೇಲೆ ಕೇಳುವುದಕ್ಕೂ ಜಾಗವಿಲ್ಲ. ನಾಲ್ಕೈದು ಮಕ್ಕಳು ಕಡಿಮೆಯಾದದ್ದಕ್ಕೆ ಉಳಿದವರೆಲ್ಲರ ಕಲಿಕೆಯ ಮೂರನೆಯ ಒಂದು ಪಾಲು ಹೋಯಿತು. ಕಲಿಕೆ ಕುಸಿಯಿತೆಂದು ಈ ವರ್ಷ ಇನ್ನೆರಡು ಮನೆಯವರು ವ್ಯಾನು ಹತ್ತಿಸಿದರು. ಹಾಜರಿ ಈಗ 57ಕ್ಕೆ ಬಂದಿದೆ.

ಮಕ್ಕಳು ಕಡಿಮೆಯಾದದ್ದು ಏಕೆ ಎಂದು ಊರಿನಲ್ಲಿ ಕೇಳಿದರೆ ಇಂಗ್ಲಿಷ್ ಮೋಹ ಎಂಬ ಒಂದೇ ಉತ್ತರ ಬರುತ್ತದೆ. ಅದು ಪೂರ್ತಿ ನಿಜವಲ್ಲ. ಸರ್ಕಾರಿ ಶಾಲೆಯಲ್ಲಿಯೂ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ನಾನು ಕಂಡಂತೆ ಮೊದಲ ಕಾರಣ ವಯಸ್ಸು. ಖಾಸಗಿಯವರು ಮೂರೂವರೆ ವರ್ಷದ ಮಗುವನ್ನೇ ಎಲ್‌ಕೆಜಿಗೆ ತೆಗೆದುಕೊಳ್ಳುತ್ತಾರೆ. ಕನ್ನಡ ಸಾಲಿಗೆ ಸೇರಲು ಆರು ವರ್ಷ ತುಂಬಬೇಕು. 2025-26ನೆಯ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಸಿಕ್ಕಿತ್ತು. ನಮ್ಮ ಊರಿನ ಶಾಲೆಯಲ್ಲಿ ಎಲ್‌ಕೆಜಿ ಇಲ್ಲ. ನಡುವಿನ ಎರಡು ಮೂರು ವರ್ಷ ಅಂಗನವಾಡಿಯಲ್ಲಿ ಮಗುವನ್ನು ಇರಿಸಿಕೊಳ್ಳುವ ತಾಳ್ಮೆ ಪಾಲಕರಿಗಿಲ್ಲ. ಒಂದು ಸಲ ವ್ಯಾನು ಹತ್ತಿದ ಮಗುವಿಗೆ ಗೆಳೆಯರೂ ಅಲ್ಲೇ, ಪುಸ್ತಕವೂ ಅಲ್ಲೇ. ಆರು ವರ್ಷ ತುಂಬಿದಾಗ ಹೆಡ್ ಮಾಸ್ತರರು ದಾಖಲಾತಿ ಆಂದೋಲನದ ಫಲಕ ಹಿಡಿದು ಮನೆಗೆ ಬಂದರೆ ಆ ಮಗು ಆಗಲೇ ಯುಕೆಜಿ ಮುಗಿಸಿರುತ್ತದೆ. ಬಿಡಿಸಿ ತರುವ ಸಂಕಟವನ್ನು ನಾನು ಅನುಭವಿಸಿದ್ದೇನೆ. ಮೊದಲ ತಿಂಗಳು ಮಗಳು ಹಳೆಯ ಶಾಲೆಯ ಟೈಯನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದಳು.

ಎರಡನೆಯ ಕಾರಣ ಹಾಜರಿ ಪುಸ್ತಕದಲ್ಲಿ ಕಾಣುವುದೇ ಇಲ್ಲ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಮಕ್ಕಳನ್ನು ನವೋದಯ, ಸೈನಿಕ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಕೋಚಿಂಗ್ ಕೇಂದ್ರಗಳು ಪಟ್ಟಣಪಟ್ಟಣಗಳಲ್ಲಿವೆ. ಈ ಆಸೆಯನ್ನು ನಾನು ತಪ್ಪೆನ್ನಲಾರೆ. ವಿಜಯಪುರದ ಸೈನಿಕ ಶಾಲೆ 1963ರಿಂದ ನಡೆದುಬಂದಿದೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿದಾಗಲೂ 625ಕ್ಕೆ 625 ಅಂಕ ಪಡೆದವಳು ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ. ಅದೂ ಸರ್ಕಾರದ ಶಾಲೆಯೇ. ಅಂದ ಮೇಲೆ ನಮ್ಮ ಪಾಲಕರು ಸರ್ಕಾರಿ ಶಾಲೆಯನ್ನು ನಂಬುವುದಿಲ್ಲ ಎನ್ನುವಂತಿಲ್ಲ. ಆರನೆಯ ತರಗತಿಯ ಸರ್ಕಾರಿ ವಸತಿ ಶಾಲೆಗೆ ಅವರು ಮುಗಿಬೀಳುತ್ತಾರೆ, ಅದಕ್ಕಾಗಿ ನಾಲ್ಕು ಮತ್ತು ಐದನೆಯ ತರಗತಿಯ ಕನ್ನಡ ಸಾಲಿಯನ್ನು ಬಿಡಿಸುತ್ತಾರೆ.

ನನ್ನ ಅಣ್ಣನ ಮಗನೇ ಇದಕ್ಕೆ ಉದಾಹರಣೆ. ಅವನ ಹೆಸರು ನಮ್ಮೂರ ಶಾಲೆಯ ಐದನೆಯ ತರಗತಿಯಲ್ಲಿದೆ, ಅವನು ಇರುವುದು ಮೂವತ್ತು ಕಿಲೋಮೀಟರ್ ದೂರದ ಒಂದು ಕೋಚಿಂಗ್ ಕೇಂದ್ರದ ಹಾಸ್ಟೆಲಿನಲ್ಲಿ. ಮಾನ್ಯತೆ ಇಲ್ಲದ ಕೋಚಿಂಗ್ ಕೇಂದ್ರಕ್ಕೆ ಹೆಸರನ್ನು ವರ್ಗಾಯಿಸಲು ಬರುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಜಿಲ್ಲೆಯ ನವೋದಯದ ಗರಿಷ್ಠ 80 ಸೀಟುಗಳಲ್ಲಿ ಕನಿಷ್ಠ ಶೇ 75ರಷ್ಟು ಗ್ರಾಮೀಣ ಮಕ್ಕಳಿಗೆ ಮೀಸಲು, ಆ ಮೀಸಲಾತಿ ಸಿಗಬೇಕಾದರೆ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಗ್ರಾಮೀಣ ಶಾಲೆಯಲ್ಲಿಯೇ ಓದಿರಬೇಕು. ಹಳ್ಳಿಯ ಮಗುವಿಗೆ ಅನುಕೂಲವಾಗಲೆಂದು ಮಾಡಿದ ನಿಯಮ, ಮಗುವಿನ ಹೆಸರನ್ನು ಹಳ್ಳಿಯಲ್ಲಿ ಉಳಿಸಿ ಮಗುವನ್ನು ಪಟ್ಟಣಕ್ಕೆ ಕಳಿಸುವುದಕ್ಕೆ ಬಳಕೆಯಾಗುತ್ತಿದೆ. ಶಾಲೆಯವರೂ ಹೆಸರು ಕಡಿಯುವುದಿಲ್ಲ, ಕಡಿದರೆ ಇರುವ ಸಂಖ್ಯೆಯೂ ಇಳಿಯುತ್ತದೆ. ನಾನು ಅಣ್ಣನ ಮುಂದೆ ಈ ಮಾತನ್ನು ಎತ್ತಿದಾಗ ಅವನು, “ನಿನ್ನ ಮಗಳು ಭಾಗಾಕಾರದಾಗ ಸೊನ್ನಿ ಬಿಡತಾಳಲ್ಲ, ನನ್ನ ಮಗ ಬಿಡಂಗಿಲ್ಲ” ಎಂದ. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆದರೆ ಆ ಹುಡುಗ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತಾನೆ, ಒಂದು ಪರೀಕ್ಷೆಗಾಗಿ ಹತ್ತು ವರ್ಷದ ಮಗು ತಾಯಿಯನ್ನು ತಿಂಗಳಿಗೊಮ್ಮೆ ನೋಡುತ್ತದೆ. ಸೀಟು ಸಿಗದಿದ್ದರೆ ಏನು ಎಂಬುದನ್ನು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಮೂರನೆಯ ಕಾರಣ ದುಡಿಮೆ. ದಸರೆ ಮುಗಿದು ಕಬ್ಬಿನ ಹಂಗಾಮು ಶುರುವಾದರೆ ಕೂಲಿಗೆ ಜನರನ್ನು ಕರೆದೊಯ್ಯುವ ಮುಕಾದಮರಿಂದ ಮುಂಗಡ ಪಡೆದ ಮನೆಗಳವರು ಸಾಂಗ್ಲಿ, ಕೊಲ್ಹಾಪುರದ ಕಡೆಗೆ ಹೊರಡುತ್ತಾರೆ. ಪಾತ್ರೆ, ಹಾಸಿಗೆ, ಆಡುಮರಿಗಳೊಂದಿಗೆ ಮಕ್ಕಳೂ ಟ್ರ್ಯಾಕ್ಟರ್ ಏರುತ್ತಾರೆ. ನನ್ನ ಮಗಳ ಪಕ್ಕದಲ್ಲಿ ಕೂರುವ ಹುಡುಗಿ ಪ್ರತಿವರ್ಷ ಹೀಗೆ ಹೋಗಿ ಯುಗಾದಿಯ ಆಸುಪಾಸಿನಲ್ಲಿ ಬರುತ್ತಾಳೆ. ನಲಿ-ಕಲಿಯ ಕೋಣೆಯ ನಿಜವಾದ ಬೆಲೆ ನನಗೆ ತಿಳಿದದ್ದು ಈ ಹುಡುಗಿಯಿಂದ. ಎರಡನೆಯ ತರಗತಿಯಲ್ಲಿದ್ದಾಗ ಅವಳು ಮಾರ್ಚ್‌ನಲ್ಲಿ ಮರಳಿ ಬಂದ ದಿನ ಅಕ್ಕೋರು ಏಣಿಯ ಮುಂದೆ ನಿಲ್ಲಿಸಿ, “ಎಲ್ಲಿ ಬಿಟ್ಟಿದ್ದಿ ನೋಡು ಯವ್ವಾ” ಎಂದರು. ಅವಳು ಬೆರಳಿಟ್ಟು ತೋರಿಸಿ ಅದೇ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ಕುಳಿತಳು. ಹೋಗುವಾಗ ಬಿಟ್ಟ ಜಾಗ ಅವಳಿಗಾಗಿ ಹಾಗೆಯೇ ಇತ್ತು. ನಾಲ್ಕನೆಯ ತರಗತಿಯಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಪಾಠ ಮುಂದೆ ಹೋಗಿರುತ್ತದೆ, ಬಂದವಳು ಎಲ್ಲರ ಜೊತೆ ಹೊಸ ಪುಟ ತೆರೆಯಬೇಕು. ಈ ವರ್ಷವೂ ಅವಳು ದೀಪಾವಳಿ ಮುಗಿಸಿ ಹೋಗಿದ್ದಾಳೆ. ಬಂದ ಮೇಲೆ ಭಿನ್ನರಾಶಿಯ ಪಾಠದಲ್ಲಿ ಅವಳು ಏನು ಮಾಡುತ್ತಾಳೆ ಎಂಬ ಚಿಂತೆ ನನ್ನ ಮಗಳಿಗೂ ಇದೆ. ವಲಸೆ ಹೋಗುವವರ ಮಕ್ಕಳು ಊರಿನಲ್ಲಿಯೇ ಉಳಿಯಲೆಂದು ಋತುಮಾನ ವಸತಿ ಶಾಲೆಗಳ ಯೋಜನೆ ಇದೆ, ನಮ್ಮ ಊರಿಗೆ ಅದು ಬಂದಿಲ್ಲ. ಇಂಥ ಮಕ್ಕಳಿರುವ ಶಾಲೆಗಳಲ್ಲಿ ಏಣಿಯ ಪದ್ಧತಿಯನ್ನು ಐದನೆಯ ತರಗತಿಯವರೆಗೆ, ಕನಿಷ್ಠ ಗಣಿತಕ್ಕಾದರೂ, ವಿಸ್ತರಿಸಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಊಟದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಏಕೆಂದರೆ ಅಲ್ಲಿ ದೂರು ಕಡಿಮೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಬಾಗಲಕೋಟೆಯೂ ಇದ್ದವು. ಹಾಲು 2013ರಿಂದ ಇದೆ. ಮೊಟ್ಟೆ ಕೊಡುವುದನ್ನು 2021ರ ಡಿಸೆಂಬರ್‌ನಲ್ಲಿ ಮೊದಲು ಶುರುಮಾಡಿದ ಜಿಲ್ಲೆಗಳಲ್ಲಿಯೂ ನಮ್ಮದು ಸೇರಿತ್ತು. ಈಗ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರೂ ದಿನ ಮೊಟ್ಟೆ ಇದೆ, ತಿನ್ನದವರಿಗೆ ಬಾಳೆಹಣ್ಣು. ನನ್ನ ಮಗಳು ಬಾಳೆಹಣ್ಣಿನ ಸಾಲಿನಲ್ಲಿ ನಿಲ್ಲುತ್ತಾಳೆ, ಎರಡೂ ಸಾಲಿನವರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಸಾಂಬಾರು ಕೆಲವು ದಿನ ನೀರಾಗಿರುತ್ತದೆ. ಅಡುಗೆಯ ಇಬ್ಬರು ತಾಯಂದಿರು ಊರಿನವರೇ ಆದ್ದರಿಂದ ಹೇಳಿದರೆ ಮರುದಿನ ಸರಿಹೋಗುತ್ತದೆ. ಇವರ ಲೆಕ್ಕವೂ ಮಕ್ಕಳ ಸಂಖ್ಯೆಗೆ ಕಟ್ಟಿದ್ದೇ ಆಗಿದೆ: 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು. ಗೌರವಧನವನ್ನು 2025ರಲ್ಲಿ ಸಾವಿರ ರೂಪಾಯಿ ಹೆಚ್ಚಿಸಿದ ಮೇಲೂ ಮುಖ್ಯ ಅಡುಗೆಯವರಿಗೆ ತಿಂಗಳಿಗೆ 4,700, ಸಹಾಯಕರಿಗೆ 4,600 ರೂಪಾಯಿ ಮಾತ್ರ. ಶೌಚಾಲಯ ಇದೆ, ಬೇಸಿಗೆಯಲ್ಲಿ ನೀರಿಲ್ಲ. ಏಪ್ರಿಲ್ ಬಂದರೆ ದೊಡ್ಡ ಹುಡುಗಿಯರು ಮಧ್ಯಾಹ್ನ ಮನೆಗೆ ಓಡಿಬರುತ್ತಾರೆ. ಪಂಚಾಯಿತಿಯ ನಳ ಶಾಲೆಯ ಗೋಡೆಯ ಆಚೆಗೇ ಇರುವಾಗ ಇದು ತೀರಾ ಅನ್ಯಾಯ.

ಇನ್ನು ಯಾರು ಸೇರಿಸಬೇಕು, ಯಾರು ಬೇಡ ಎಂಬ ಮಾತು. ಒಂದನೆಯ ತರಗತಿಗೆ ಸೇರಿಸುವವರು ಯಾವ ಅಳುಕೂ ಇಲ್ಲದೆ ಸೇರಿಸಿರಿ. ಆ ಮೂರು ವರ್ಷದಲ್ಲಿ ಸಿಗುವ ಓದನ್ನು ನಾನು ಕಂಡ ಯಾವ ಖಾಸಗಿ ಶಾಲೆಯೂ ಕೊಟ್ಟಿಲ್ಲ. ಮಗು ಈಗಾಗಲೇ ನಾಲ್ಕನೆಯ ತರಗತಿಯಲ್ಲಿದ್ದರೆ, ಗಣಿತವನ್ನು ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ನೋಡುವವರು ಇದ್ದಾರೆಯೇ ಎಂದು ಮೊದಲು ವಿಚಾರಿಸಿಕೊಳ್ಳಿರಿ. ಇಲ್ಲದಿದ್ದರೆ ತೊಂದರೆಯಾಗುತ್ತದೆ, ಅದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ. ಮತ್ತು ಸೇರಿಸಿ ಸುಮ್ಮನಿರಬೇಡಿರಿ. ಎಸ್‌ಡಿಎಂಸಿ ಎಂದು ಕರೆಯುವ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನಮ್ಮ ಎಸ್‌ಡಿಎಂಸಿ ಸಭೆಗೆ ಇಷ್ಟು ವರ್ಷ ಅಧ್ಯಕ್ಷರೊಬ್ಬರೇ ಬಂದು ಸಹಿ ಮಾಡಿ ಹೋಗುತ್ತಿದ್ದರು. ಈಗ ಆರೇಳು ತಾಯಂದಿರು ಬರತೊಡಗಿದ್ದಾರೆ. ನಳದ ನೀರಿನ ಮಾತನ್ನು ಎತ್ತಿದವರು ಅವರೇ. ಬಿ.ಎಸ್ಸಿ. ಓದಿ ಮನೆಯಲ್ಲಿರುವ ಊರಿನ ಒಬ್ಬ ಹೆಣ್ಣುಮಗಳು ಮತ್ತು ನಾನು ಸೇರಿ, ಹೆಡ್ ಮಾಸ್ತರರ ಒಪ್ಪಿಗೆಯಿಂದ, ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಒಂದು ತಾಸು ನಾಲ್ಕು-ಐದರ ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದೇವೆ. ಹುಣಸೆ ಬೀಜಗಳನ್ನು ನೂರು, ಹತ್ತು, ಬಿಡಿ ಎಂದು ಚೀಟಿಗಳ ಮೇಲೆ ಗುಂಪು ಮಾಡಿ ಹಂಚಿಸುತ್ತೇವೆ. ಹತ್ತರ ಗುಂಪು ಆರು ಮಂದಿಗೆ ಸಾಲದಿದ್ದಾಗ ಅಲ್ಲಿ ಖಾಲಿ ಚೀಟಿ ಇಟ್ಟು ಅದರ ಮೇಲೆ ಸೊನ್ನೆ ಬರೆಯಬೇಕು. ಮೂರನೆಯ ಶನಿವಾರ ನನ್ನ ಮಗಳು ಕೇಳದೆಯೇ ಆ ಚೀಟಿ ಇಟ್ಟಳು. ಶಿಕ್ಷಕರ ಕೆಲಸವನ್ನು ನಾವು ಮಾಡಿ ಮುಗಿಸಬಲ್ಲೆವು ಎಂಬ ಭ್ರಮೆ ನನಗಿಲ್ಲ. ನಮಗೆ ಬೇಕಾಗಿರುವುದು ಮೂರನೆಯ ಮಾಸ್ತರರ ಹುದ್ದೆ.

ಅದರ ಲೆಕ್ಕವನ್ನು ಕಳೆದ ವಾರ ಹೆಡ್ ಮಾಸ್ತರರ ಮೇಜಿನ ಮುಂದೆ ಕುಳಿತು ಬರೆದೆವು. ಈಗಿನ 57ರಲ್ಲಿ ಐದನೆಯ ತರಗತಿಯ 12 ಮಕ್ಕಳು ಜೂನ್‌ನಲ್ಲಿ ಪಕ್ಕದೂರಿನ ಹಿರಿಯ ಪ್ರಾಥಮಿಕ ಶಾಲೆಗೋ ವಸತಿ ಶಾಲೆಗೋ ಹೋಗುತ್ತಾರೆ, 45 ಉಳಿಯುತ್ತಾರೆ. 61 ಆಗಬೇಕಾದರೆ 16 ಮಕ್ಕಳು ಬರಬೇಕು. ಅಂಗನವಾಡಿ ಕಾರ್ಯಕರ್ತೆಯ ಪುಸ್ತಕದಲ್ಲಿ ಜೂನ್ 1ಕ್ಕೆ ಆರು ತುಂಬುವ ಮಕ್ಕಳು 14. ಅವರೆಲ್ಲರೂ ಬಂದರೂ ಇಬ್ಬರು ಕಡಿಮೆ, ಆ ಇಬ್ಬರು ವ್ಯಾನಿನಿಂದ ಇಳಿದು ಬರಬೇಕು. ಭಾನುವಾರ ಸಂಜೆ ನಾನು, ಅಕ್ಕೋರು, ಅಂಗನವಾಡಿಯ ಬಾಯಿಯವರು ಮೂವರೂ ಓಣಿ ತಿರುಗಿದೆವು. ಮಗಳನ್ನೂ ಜೊತೆಗೆ ಕರೆದುಕೊಂಡಿದ್ದೆ, ಕೈಯಲ್ಲಿ ಅವಳ ಕನ್ನಡ ಪುಸ್ತಕವಿತ್ತು. ಹನ್ನೊಂದು ಮನೆಯವರು ಹೂಂ ಎಂದಿದ್ದಾರೆ. ಹನ್ನೆರಡನೆಯ ಮನೆಯ ತಾಯಿ ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು, ತಾನೇ ನಡುವಿನ ಒಂದು ಪುಟ ತೆರೆದು, “ಇದನ್ನ ಓದು ನೋಡೋಣು” ಎಂದಳು. ಮಗಳು ಹೊಸ್ತಿಲ ಮೇಲೆ ನಿಂತು ಓದಿದಳು. ಆ ತಾಯಿ ಪುಟ ತಿರುವಿ ಇನ್ನೊಂದನ್ನು ತೋರಿಸಿದಳು, ಆಮೇಲೆ ಒಳಗಿದ್ದ ಗಂಡನನ್ನು ಕರೆದಳು.